ಕಬ್ಬಿಣದ ಅಂಗಿ

ದೆವ್ವ, ಗಾಳಿ, ಶಾಪ ಎಂಬ ಮಾತು ಬಂದರೆ ಎದ್ದು ಹೋಗುತ್ತಿದ್ದವನು ನಾನು. ತಮಿಳು ಸೀಮೆಯ ಅಂಚಿನಲ್ಲಿರುವ ಬೇರಿಕೆ ಊರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಹುಣಿಸೆಮರದಲ್ಲಿ ಮೋಹಿನಿ ಇದ್ದಾಳೆಂದು ಹೆದರಿದ ಹುಡುಗರನ್ನು ಅದೇ ಮರದ ಕೆಳಗೆ ಕೂರಿಸಿ ಮಗ್ಗಿ ಹೇಳಿಸಿದ್ದೇನೆ. ಇವತ್ತಿಗೂ ಅಂಥದನ್ನು ನಂಬುತ್ತೇನೆಂದು ಹೇಳಲಾರೆ. ಆದರೆ ಎರಡನೇ ಮಹಾಯುದ್ಧದ ಕಾಲದಲ್ಲಿ ನನ್ನ ಭಾವನಿಗೆ ಆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಂಡದ್ದನ್ನು ಕಂಡಂತೆ ಹೇಳುತ್ತೇನೆ. ನಿಮಗೆ ಅದರ ಅರ್ಥ ಹೊಳೆದರೆ ನೀವು ನನಗಿಂತ ಜಾಣರು.

ಭಾವನ ಹೆಸರು ಮುನಿಯಪ್ಪ, ನನ್ನ ಅಕ್ಕನ ಗಂಡ. ಅಂಚೆಟ್ಟಿಯಿಂದ ನಾಟ್ರಾಂಪಾಳ್ಯಕ್ಕೆ ಹೋಗುವ ದಾರಿಯಲ್ಲಿ, ಗುಡ್ಡದ ಮಗ್ಗುಲಿಗೆ, ಇಂಗ್ಲಿಷ್ ದೊರೆಯೊಬ್ಬರ ಕಲ್ಲಿನ ಬಂಗಲೆ ಇತ್ತು. ಭಾವ ಅಲ್ಲಿನ ಆಳು. ದೊರೆಗೆ ಹಳೆಯ ಆಯುಧಗಳ ಹುಚ್ಚು. ನಮ್ಮ ಕಡೆಯವಲ್ಲ, ಅವರ ಕಡೆಯವು. ನಾನೂರು ಐನೂರು ವರ್ಷದ ಹಿಂದೆ ಯೂರೋಪಿನ ದಂಡಾಳುಗಳು ಹಿಡಿದಿದ್ದ ಆಳುದ್ದದ ಕತ್ತಿಗಳು, ಈಟಿಗಳು, ಕಣ್ಣಿಗೆ ಬರೀ ಒಂದು ಸೀಳು ಬಿಟ್ಟ ಕಬ್ಬಿಣದ ಟೋಪಿಗಳು ಗೋಡೆ ತುಂಬ ತೂಗುತ್ತಿದ್ದವು. ತುಕ್ಕು ಹಿಡಿಯದಂತೆ ಅವನ್ನು ಹರಳೆಣ್ಣೆ ಸವರಿ ಒರೆಸುವುದು ಭಾವನ ಕೆಲಸ. ಯುದ್ಧ ಶುರುವಾದ ಮೇಲೆ ದೊರೆ ದಂಡಿಗೆ ಹೋದರು. ಅವರ ಕೋವಿಗಳು ಪೊಲೀಸರ ವಶಕ್ಕೆ ಹೋದವು. ಗೋಡೆಯ ಮೇಲಿನವು ಹಾಗೇ ಉಳಿದವು.

ನಾನು ಬೇಸಿಗೆ ರಜೆಗೆ ಬಂಗಲೆಯ ಕೆಳಗಿನ ಊರಲ್ಲಿದ್ದ ಅಕ್ಕನ ಮನೆಗೆ ಹೋದಾಗ ಊರಿನವರು ಗುಡ್ಡದ ಕಡೆ ಹೆಜ್ಜೆ ಇಡುತ್ತಿರಲಿಲ್ಲ. ಹಳ್ಳದ ದಾರಿಯ ಬಂಡೆಗಳಲ್ಲಿ ಒಂದು ಕರಡಿ ಸೇರಿಕೊಂಡಿತ್ತು. ದನ ಮೇಯಿಸಲು ಹೋದ ಮುದುಕನನ್ನು ಕೊಂದಿತ್ತು. ಪಕ್ಕದ ಮನೆಯ ಹೆಂಗಸು ನೀರಿಗೆ ಹೋದವಳು ಅರ್ಧ ಮುಖ ಕಳೆದುಕೊಂಡು ಬಂದಿದ್ದಳು. ಅವಳು ಸಾಯಲಿಲ್ಲ. ಅವಳು ನರಳುವುದು ಅಕ್ಕನ ಅಡಿಗೆಮನೆಗೆ ಕೇಳುತ್ತಿತ್ತು.

ಒಂದು ಬೆಳಿಗ್ಗೆ ಭಾವ ಬಂಗಲೆಯಿಂದ ಒಂದು ಎದೆಕವಚವನ್ನೂ ಉದ್ದನೆಯ ಈಟಿಯನ್ನೂ ಹೊತ್ತು ತಂದ.

“ಈ ಕಬ್ಬಿಣದಂಗಿ ಹಾಕ್ಕಂಡ್ರೆ ಕರಡಿ ನನ್ನೇನ್ ಮಾಡ್ತದೆ?” ಎಂದ.

ಸೊಂಟದ ಮೇಲೆ ಮಗನನ್ನಿಟ್ಟುಕೊಂಡು ನಿಂತಿದ್ದ ಅಕ್ಕ, “ಅದು ಯಾರೋ ಸತ್ತೋನ ಮೈಮೇಲಿಂದು. ಹಾಕ್ಕಬ್ಯಾಡ” ಎಂದಳು.

“ಪಕ್ಕದ್ಮನೆಯೋಳ ಮಕ ನೋಡಿದ್ದೀಯಲ್ಲ. ನಾಳೆ ನೀನೂ ಅದೇ ಹಳ್ಳಕ್ಕೇ ಹೋಗ್ಬೇಕು.”

ಅಕ್ಕ ಒಳಗೆ ಹೋಗಿ ಕಂಬಳಿ ತಂದು ಕೊಟ್ಟಳು.

ಕವಚದ ತೊಗಲುಪಟ್ಟಿಗಳು ಲಡ್ಡಾಗಿ, ಮುಟ್ಟಿದರೆ ಹರಿಯುವಂತಿದ್ದವು. ಭಾವ ಅಂಗಿಯ ಮೇಲೆ ಕಂಬಳಿ ಸುತ್ತಿಕೊಂಡ. ಅದರ ಮೇಲೆ ಕವಚವಿಟ್ಟು ನಾನು ಹಗ್ಗದಿಂದ ಬಿಗಿದು ಕಟ್ಟಿದೆ. ಎಡಗಡೆ, ಪಕ್ಕೆಯ ಮೇಲೆ ಬರುವಲ್ಲಿ, ಯಾವಾಗಲೋ ತೂತಾಗಿದ್ದ ಜಾಗಕ್ಕೆ ಒಳಗಿನಿಂದ ತಗಡಿಟ್ಟು ಮೊಳೆ ಬಡಿದಿದ್ದರು. ನಾನು ಅದನ್ನು ಬೆರಳಿಂದ ಒತ್ತಿ ನೋಡಿದೆ.

“ಇದ್ನ ಹಾಕ್ಕಂಡಿದ್ದೋನು ಆ ತೂತಿನ ಜಾಗ್ದಾಗೇ ತಿವಿಸ್ಕಂಡು ಸತ್ನಂತೆ. ದೊರೆ ಹೇಳೋರು” ಎಂದ ಭಾವ. “ಈಗ ಬಿಗಿಯಾಗೈತೆ. ಕಟ್ಲಾ ನೀನು.”

ಬಿಸಿಲು ಏರುವ ಹೊತ್ತಿಗೆ ಬಂಡೆಗಳ ಹತ್ತಿರ ಹೋದೆವು. ಊರಿನ ನಾಲ್ಕಾರು ಮಂದಿ ತಮಟೆ ಬಡಿಯುತ್ತ ಕೆಳಗೆ ನಿಂತರು, ಅವರ ಜೊತೆ ನಾನು. ಭಾವ ಒಬ್ಬನೇ ಮೇಲೆ ಹೋದ. ಮರೆ ಇರಲಿಲ್ಲ, ಎಲ್ಲವೂ ಕಾಣುತ್ತಿತ್ತು. ಕರಡಿ ಸಂದಿಯಿಂದ ನುಗ್ಗಿ ಬಂದು ಹಿಂಗಾಲ ಮೇಲೆ ಎದ್ದಿತು. ಭಾವ ಈಟಿ ನೆಟ್ಟ. ಆ ಈಟಿಯ ಕೋಲು ಎಷ್ಟು ಉದ್ದವಿತ್ತೆಂದರೆ ಕರಡಿಯ ಉಗುರು ಅವನ ಹತ್ತಿರ ಸುಳಿಯಲಿಲ್ಲ. ಅದು ಒದ್ದಾಡಿ ಬಿತ್ತು. ಜನ ಕೇಕೆ ಹಾಕಿದರು.

ಆಗ ಕೊಲುಮೆಯಲ್ಲಿ ಸುತ್ತಿಗೆ ಬಿದ್ದ ಹಾಗೆ ಒಂದು ಸದ್ದಾಯಿತು. ಒಂದೇ ಸಲ. ತಮಟೆಯವನು ಕೈ ನಿಲ್ಲಿಸಿ, “ಏನ್ ಮೇಷ್ಟ್ರೇ ಅದು?” ಎಂದ. ಭಾವ ಹಿಂದಕ್ಕೆ ಒಂದು ಹೆಜ್ಜೆ ಜರುಗಿದ್ದ. ಅವನು ಕರಡಿಯನ್ನು ನೋಡುತ್ತಿರಲಿಲ್ಲ. ಪಕ್ಕದ ಬಯಲನ್ನು ನೋಡುತ್ತಿದ್ದ. ಅಲ್ಲಿ ಏನೂ ಇರಲಿಲ್ಲ.

ಅವನು ತಾನೇ ಇಳಿದು ಬಂದು ನನ್ನ ಪಕ್ಕ ಕೂತ.

“ಯಾರ್ಲಾ ಅವ್ನು, ಕುದ್ರೆ ಮ್ಯಾಲೆ ಬಂದೋನು?” ಎಂದು ಕೇಳಿದ.

ಆ ಗುಡ್ಡಕ್ಕೆ ಕುದುರೆ ಹತ್ತುವುದಿಲ್ಲ. ಬಿಸಿಲಿಗೆ ತಲೆ ತಿರುಗಿರಬೇಕೆಂದು ಹಗ್ಗ ಬಿಚ್ಚಿದೆ. ಕಂಬಳಿ ನೆನೆದು ಭಾರವಾಗಿತ್ತು. ಬೆವರೆಂದುಕೊಂಡೆ, ಕೈ ಕೆಂಪಾಯಿತು. ಅಂಗಿ ಎತ್ತಿದಾಗ ಎಡಪಕ್ಕೆಯಲ್ಲಿ ಎರಡು ಬೆರಳಗಲದ ಗಾಯ. ಬಾಯಿ ತೆರೆದ ಹಾಗಿತ್ತು. ಮೇಲಿದ್ದ ತಗಡು ಅಲುಗಿರಲಿಲ್ಲ. ಕಂಬಳಿಯಲ್ಲಿ ತೂತಿರಲಿಲ್ಲ.

“ನೋಯಾಕಿಲ್ಲ ಕಣ್ಲಾ” ಎಂದ ಭಾವ. “ಚಳಿಯಾಯ್ತದೆ.”

ಮಂಚಕ್ಕೆ ಹಾಕಿ ಡಾಕ್ಟರಲ್ಲಿಗೆಂದು ಹೊತ್ತು ನಡೆದೆವು. ಅಂಚೆಟ್ಟಿ ಕಾಣುವ ಮೊದಲೇ ಜೀವ ಹೋಯಿತು. ಹೆಣ ನೋಡಿದ ಡಾಕ್ಟರು, ಒಂದು ಎಲುಬೂ ಮುರಿದಿಲ್ಲ, ಇದು ಉಗುರಿನ ಗಾಯವೂ ಅಲ್ಲ, ಇರಿದ ಗಾಯ ಎಂದರು. ಪೊಲೀಸರು ಬಂದು, ಇರಿದವರು ಯಾರೆಂದು ತಮಿಳಿನಲ್ಲಿ ಒಬ್ಬೊಬ್ಬರನ್ನೇ ಕೇಳಿದರು. ತಮಟೆಯವನಿಗೆ ಏಟೂ ಬಿತ್ತು. ನಾನು ಕವಚ, ಕಂಬಳಿ, ಅಂಗಿ ಮೂರನ್ನೂ ಅವರ ಮುಂದೆ ಹರಡಿದೆ. ಅವರು ಬಹಳ ಹೊತ್ತು ತಿರುಗಿಸಿ ಮುರುಗಿಸಿ ನೋಡಿದರು. ಕಡೆಗೆ ಕರಡಿ ಕೊಂದಿತೆಂದು ಬರೆದುಕೊಂಡು ಹೋದರು.

ದೊರೆ ಹಿಂದಿರುಗಲಿಲ್ಲ. ಯುದ್ಧ ಮುಗಿದ ಮೇಲೆ ಯಾರೋ ಬಂದು ಗೋಡೆಯ ಮೇಲಿನದನ್ನೆಲ್ಲ ಲಾರಿಗೆ ತುಂಬಿಕೊಂಡು ಕೃಷ್ಣಗಿರಿಯ ಕಡೆಗೆ ಹೋದರಂತೆ. ನಾನು ಎಷ್ಟೋ ಸಲ ಕೂತು ಯೋಚಿಸಿದ್ದೇನೆ. ಕಟ್ಟುವ ಮೊದಲೇ ಗಾಯವಿತ್ತೇ ಎಂದರೆ, ಇರಲಿಲ್ಲ, ಅಂಗಿ ತೊಡುವಾಗ ಅವನ ಬರಿಮೈ ನೋಡಿದ್ದೆ. ಕಟ್ಟಿದ ಮೇಲೆ ಯಾರೂ ಅವನ ಮೈ ಮುಟ್ಟಲಿಲ್ಲ. ಇದರಾಚೆಗೆ ನನ್ನ ಬುದ್ಧಿ ಹೋಗುವುದಿಲ್ಲ.

ಅಕ್ಕ ಮಗನನ್ನು ಕರೆದುಕೊಂಡು ಬೇರಿಕೆಗೆ ನಮ್ಮ ಮನೆಗೆ ಬಂದಳು. ಬಟ್ಟೆಗೆ ಬರವಿದ್ದ ಕಾಲ. ಭಾವನ ಅಂಗಿಯನ್ನು ಸುಡಬೇಕೆಂದು ಎಲ್ಲರೂ ಹೇಳಿದರೂ ಅವಳು ಕೇಳಲಿಲ್ಲ, ಒಗೆದು ಮಡಿಸಿಟ್ಟಳು. ಹುಡುಗ ಬೆಳೆದ ಮೇಲೆ ಅದನ್ನೇ ತೊಟ್ಟು ಹೊಲಕ್ಕೆ ಹೋಗುತ್ತಿದ್ದ. ಅದು ಹಗ್ಗದ ಮೇಲೆ ಒಣಗುತ್ತಿದ್ದಾಗ ಒಂದು ದಿನ ಬಿಸಿಲಿಗೆ ಹಿಡಿದು ನೋಡಿದೆ. ಒಳಗಡೆ ಕಲೆ ಹಾಗೇ ಇತ್ತು. ಬಟ್ಟೆ ಎಲ್ಲೂ ಹರಿದಿರಲಿಲ್ಲ, ಒಂದು ನೂಲು ಕೂಡ. ಅಕ್ಕ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

“ನಾನೂ ನೋಡ್ತಾನೇ ಇರ್ತೀನಿ” ಎಂದಳು.