ಕಾಕು ಹಚ್ಚಿದ ಝಾಲರಿ

ತುಟಿಯ ಬಲತುದಿಯಲ್ಲಿ ಅವರು ಯಾವಾಗಲೂ ನಾಲ್ಕೈದು ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದರು. ಹೀಗಾಗಿ ಮಾತೆಲ್ಲ ಎಡತುದಿಯಿಂದಲೇ ಹೊರಗೆ ಬರುತ್ತಿತ್ತು. ವರ್ಷಗಟ್ಟಲೆ ಹಾಗೆ ಮಾತಾಡಿ ಬಾಯಿ ಒಂದು ಬದಿಗೆ ವಾಲಿಬಿಟ್ಟಿತ್ತು. ದೇವರ ಮುಂದೆ ಕೂತು ಹಾಡು ಹೇಳುವಾಗ, ಸೂಜಿ ಇಲ್ಲದಿದ್ದರೂ, ಎಡತುಟಿ ಮಾತ್ರ ಅಲ್ಲಾಡುತ್ತಿತ್ತು. ಹೊಸದಾಗಿ ಕಂಡವರು ಇವರಿಗೆ ಎಂದೋ ಲಕ್ವ ಹೊಡೆದಿರಬೇಕು ಎಂದುಕೊಳ್ಳುತ್ತಿದ್ದರು.

ನಾವು ಅವರನ್ನು ಕಾಕು, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು; ಅವರು ನನ್ನ ಅವ್ವನನ್ನು ವೈನಿ, ಎಂದರೆ ಅತ್ತಿಗೆ, ಎನ್ನುತ್ತಿದ್ದರು. ಸಂಬಂಧವೇನೂ ಇರಲಿಲ್ಲ. ಬಡೋದೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರ ಯಜಮಾನರು ಗೂಡ್ಸ್ ಗಾಡಿಯ ಗಾರ್ಡು, ನನ್ನ ತಂದೆ ರೈಲ್ವೆ ಕಚೇರಿಯಲ್ಲಿ ಗುಮಾಸ್ತರು. ಇಬ್ಬರೂ ಧಾರವಾಡದ ಕಡೆಯವರು. ಆ ಸೀಮೆ ಇನ್ನೂ ಮುಂಬಯಿ ಪ್ರಾಂತದಲ್ಲಿದ್ದಾಗ ನೌಕರಿ ಹಿಡಿದು ಗುಜರಾತಿಗೆ ಬಂದವರು. ಆಮೇಲೆ ರಾಜ್ಯಗಳು ಬೇರೆಯಾದವು. ನಾವು ಇದ್ದಲ್ಲೇ ಉಳಿದೆವು, ನಮ್ಮ ಊರು ಬೇರೆ ರಾಜ್ಯಕ್ಕೆ ಹೋಯಿತು. ಕ್ವಾರ್ಟರ್ಸಿನಲ್ಲಿ ಕನ್ನಡ ಮಾತಾಡುವ ಮನೆಗಳು ಕೈಬೆರಳಿನಷ್ಟು. ಸಂಜೆ ಆ ಮನೆಗಳ ಹೆಂಗಸರು ಕಾಕುವಿನ ಪಡಸಾಲೆಯಲ್ಲಿ ಸೇರುತ್ತಿದ್ದರು. ಅವರು ಮಾತಾಡಲು ಬರುತ್ತಿದ್ದರು. ಕಾಕು ಮಾತಾಡುತ್ತಲೇ ಹೊಲಿಯುತ್ತಿದ್ದರು.

ಅವರು ಹೊಲಿಯುತ್ತಿದ್ದದ್ದು ಝಾಲರಿ, ಬಟ್ಟೆಯ ಅಂಚಿಗೆ ಹಚ್ಚುವ ನಿರಿಗೆಯ ಪಟ್ಟಿ. ರವಿಕೆ ಲಂಗಗಳಿಗೆ ಊರಲ್ಲಿ ದರ್ಜಿಗಳು ಬೇಕಾದಷ್ಟಿದ್ದರು. ಅವರು ಹೊಲಿದು ಕೊಟ್ಟದ್ದಕ್ಕೆ ಅಂಚು ಕಟ್ಟುವ ಕೆಲಸ ಕಾಕುವಿನದು. ದಿಂಬಿನ ಗವುಸು, ಮೇಜಿನ ಹೊದಿಕೆ, ರೇಡಿಯೋದ ಮುಸುಕು, ಕಿಟಕಿಯ ಪರದೆ, ಮಕ್ಕಳ ಫ್ರಾಕು, ಬೀಸಣಿಗೆ ಕೂಡ. ಅಹಮದಾಬಾದಿನ ಗಿರಣಿಗಳ ತುಂಡುಬಟ್ಟೆ ತರಿಸಿ ಉದ್ದುದ್ದ ಪಟ್ಟಿ ಕತ್ತರಿಸುತ್ತಿದ್ದರು. ಒಂದು ಅಂಚನ್ನು ಮಡಿಚಿ ಹೊಲಿದು, ಇನ್ನೊಂದು ಅಂಚಿಗೆ ಮಶಿನ್ನಿನಲ್ಲಿ ಸಡಿಲವಾಗಿ ಎರಡು ಸಾಲು ಹೊಲಿಗೆ ಓಡಿಸಿ, ಅಡಿದಾರದ ತುದಿ ಹಿಡಿದು ಎಳೆಯುತ್ತಿದ್ದರು. ಪಟ್ಟಿ ಸರಸರನೆ ಮುದುಡಿಕೊಂಡು ಅರ್ಧಕ್ಕೆ ಬರುತ್ತಿತ್ತು. ಆಮೇಲೆ ನಿಧಾನದ ಕೆಲಸ. ನಿರಿಗೆಗಳನ್ನು ಹೆಬ್ಬೆರಳಿನ ಉಗುರಿನಿಂದ ಒಂದೊಂದಾಗಿ ಸರಿಸಿ ಎಲ್ಲ ಕಡೆಗೂ ಸಮನಾಗಿ ಹಂಚಬೇಕು. ಮೂಲೆಗಳಲ್ಲಿ ಮಾತ್ರ ಅವರು ಸಮ ಹಂಚುತ್ತಿರಲಿಲ್ಲ, ಹೆಚ್ಚು ನಿರಿಗೆ ತುಂಬುತ್ತಿದ್ದರು. "ಮೂಲ್ಯಾಗ ಬಟ್ಟಿ ತಿರಗಬೇಕಲ್ಲ, ಅಲ್ಲೆ ಜಿಪುಣತನ ಮಾಡಿದ್ರ ಝಾಲರಿ ಮುಖಾ ಗಂಟಿಕ್ಕೋತದ" ಎನ್ನುತ್ತಿದ್ದರು.

ದಾರ ಎಳೆಯುವ ಕೆಲಸ ಕೆಲವೊಮ್ಮೆ ನನಗೆ ಕೊಡುತ್ತಿದ್ದರು. ನಾನು ಹೆಚ್ಚು ಮಾತಾಡುವವಳಲ್ಲ, ಅದಕ್ಕೇ ಇರಬೇಕು. ಮಾತಿನ ಭರದಲ್ಲಿ ಎಳೆದವರ ಕೈಯಲ್ಲಿ ದಾರ ಹರಿಯುತ್ತದೆ ಎಂಬುದು ಅವರ ಅನುಭವ.

ಗಾರ್ಡು ಕಾಕಾ ಹಾಸ್ಯದ ಮನುಷ್ಯ. ಡ್ಯೂಟಿ ಮುಗಿಸಿ ಬಂದು ಮನೆಯ ತುಂಬ ಹರಡಿದ ಪಟ್ಟಿಗಳನ್ನು ದಾಟುತ್ತ, "ಸ್ವಲ್ಪ ಕಣ್ಣು ತಪ್ಪಿಸಿದ್ರ ನನ್ನ ಹಸರು ನಿಶಾನೀಗೂ ಝಾಲರಿ ಹಚ್ಚಿಬಿಡತಾಳ. ಡ್ರೈವರ ಅದನ್ನ ನೋಡಕೋತ ಕೂತಾನು, ಗಾಡಿ ಹೊಂಡೂದ ಇಲ್ಲ" ಎನ್ನುವರು.

"ನಿಶಾನಿಗೆ ಯಾಕ, ನಿಮ್ಮ ಟೊಪಗಿಗೇ ಹಚ್ಚತೀನಿ. ಸುಮ್ಮನ ಕೈಕಾಲ ತೊಳಕೋರಿ" ಎಂದು ಕಾಕು ಎಡತುಟಿಯಿಂದಲೇ ಉತ್ತರ ಕೊಡುವರು.

ಹಿಂದಿನ ಬೀದಿಯ ಗುಜರಾತಿ ಮನೆಯವರು ಒಮ್ಮೆ ತಮ್ಮ ತೂಗುಮಣೆಯ ಹಾಸಿಗೆಗೆ ಝಾಲರಿ ಹಚ್ಚಿಸಿದ್ದರು. ತೂಗುಮಣೆ ಖಾಲಿ ನಿಂತಾಗ ಅಳತೆ ತೆಗೆದದ್ದು. ಮೇಲೆ ಮೂವರು ಕೂತಾಗ ಹಗ್ಗ ಸ್ವಲ್ಪ ಇಳಿದು ಝಾಲರಿ ನೆಲ ಮುಟ್ಟಿತು. ಆ ಮನೆಯ ಹಿರಿಯಾಕೆ ಬಾಗಿಲಿಗೆ ಬಂದು, ನಿಮ್ಮ ಝಾಲರಿ ನಮ್ಮ ಮನೆಯ ಕಸ ಗುಡಿಸುತ್ತಿದೆ ಎಂದು ನಕ್ಕರು. "ತೋ ಸಾರುಂ ಛೆ ನೆ, ಬೆನ್! ಕಸಾ ಹೊಡಿಯಾಕೀಗೆ ಛುಟ್ಟೀ ಆಪೋ!" ಎಂದರು ಕಾಕು; ಒಳ್ಳೆಯದೇ ಆಯಿತು, ಕಸ ಗುಡಿಸುವವಳಿಗೆ ರಜೆ ಕೊಡಿ ಎಂದು. ಅವರ ಗುಜರಾತಿ ಹಾಗೆಯೇ ಇತ್ತು, ಅರ್ಧದಲ್ಲಿ ಧಾರವಾಡಕ್ಕೆ ಹೋಗಿ ಬರುತ್ತಿತ್ತು. ಮರುದಿನ ಹೋಗಿ, ಮೂವರನ್ನು ಕೂಡಿಸಿಯೇ ಮತ್ತೆ ಅಳತೆ ತೆಗೆದುಕೊಂಡು ಬಂದರು.

ನಮ್ಮ ಜನರಲ್ಲಿ ಇದ್ದ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ಹೆಣ್ಣು ನೋಡಲು ಬಂದವರಿಗೆ ಹುಡುಗಿಯ ಕೈಗೆಲಸ ತೋರಿಸಬೇಕು. ಹೊರಗಿನ ಕೋಣೆಯಲ್ಲಿ ಮೇಜಿನ ಮೇಲೆ, ದಿಂಬುಗಳ ಮೇಲೆ ಅದನ್ನು ಹಾಸಿಟ್ಟಿರುತ್ತಿದ್ದರು. ಬಂದವರು ಕೇಳಿದಾಗ, "ನಮ್ಮ ಹುಡುಗೀನ ಹೊಲದದ್ದು" ಎನ್ನುವುದು. ಗುಜರಾತಿನ ನಮ್ಮವರ ಮನೆಗಳಲ್ಲಿ ಹಾಗೆ ತೋರಿಸಿದ್ದು ಬಹುಪಾಲು ಕಾಕುವಿನ ಕೆಲಸವೇ ಆಗಿತ್ತು. ಸೂರತ್ತಿನಲ್ಲಿ ವಿಮಾ ಕಚೇರಿಯವರ ಮನೆಗೆ, ಅಹಮದಾಬಾದಿನಲ್ಲಿ ಬ್ಯಾಂಕಿನವರ ಮನೆಗೆ, ಗಾರ್ಡು ಕಾಕಾರ ಪೆಟ್ಟಿಗೆಯಲ್ಲಿ, ಹಳೆಯ ಧೋತರದಲ್ಲಿ ಸುತ್ತಿಕೊಂಡು ಝಾಲರಿಗಳು ಹೋಗಿ ಬರುತ್ತಿದ್ದವು. ಇದನ್ನು ಯಾರೂ ಸುಳ್ಳು ಎಂದು ಎಣಿಸುತ್ತಿರಲಿಲ್ಲ. ಆ ದಿನಕ್ಕೆ ಪಕ್ಕದ ಮನೆಯ ಬಳೆ ಹಾಕಿಕೊಂಡ ಹಾಗೆ.

ಆದರೆ ಅಪಾಯ ಒಂದಿತ್ತು. ಮುಂಬಯಿಯಿಂದ ಬರುವ ಗಂಡಿನ ಕಡೆಯವರು ಒಂದೇ ಪ್ರಯಾಣದಲ್ಲಿ, ಇಲ್ಲವೇ ಒಂದೆರಡು ತಿಂಗಳ ಒಳಗೆ, ಸೂರತ್, ಬಡೋದೆ, ಅಹಮದಾಬಾದು ಮುಗಿಸಿಕೊಂಡು ಹೋಗುತ್ತಿದ್ದರು. ಎಲ್ಲ ಒಂದೇ ಲೈನಿನ ಮೇಲಿನ ಊರುಗಳು. ಹೀಗಾಗಿ ಒಂದು ಮನೆಯಲ್ಲಿ ಕಂಡದ್ದು ಇನ್ನೊಂದು ಮನೆಯಲ್ಲಿ ಕಾಣಬಾರದು. ಯಾವುದು ಎಲ್ಲಿಗೆ ಹೋಗಿದೆ, ಯಾರು ನೋಡಿದ್ದಾರೆ ಎಂಬುದೆಲ್ಲ ಕಾಕುವಿನ ತಲೆಯಲ್ಲಿತ್ತು. ಒಮ್ಮೆಯೂ ತಪ್ಪಿರಲಿಲ್ಲ.

ನಾನು ಬಿ.ಎ. ಮುಗಿಸಿದ ಬೇಸಿಗೆಯಲ್ಲಿ ನಮ್ಮ ಮನೆಗೂ ಒಂದು ಗಂಡು ಬರುವುದೆಂದು ಗೊತ್ತಾಯಿತು. ಹುಡುಗನಿಗೆ ಮುಂಬಯಿಯಲ್ಲಿ ಒಳ್ಳೆಯ ನೌಕರಿ. ಅವನಲ್ಲಿ ಹೇಳುವಂಥ ಕೊರತೆ ಇರಲಿಲ್ಲ. ಆದರೆ ಅವರು ಮೊದಲೇ ಹೇಳಿ ಕಳಿಸಿದ್ದರು: ಲಗ್ನ ಜ್ಯೇಷ್ಠದಲ್ಲೇ ಆಗಬೇಕು, ಮುಂದೆ ಓದಿಸುವ ವಿಚಾರವಿಲ್ಲ. ನನಗೆ ಎಂ.ಎ.ಗೆ ಸೀಟು ಸಿಕ್ಕಿತ್ತು. ತಂದೆ ಒಪ್ಪಿಯೂ ಇದ್ದರು, ಈ ಸಂಬಂಧ ಬರುವ ತನಕ. ಆಮೇಲೆ ಮನೆಯಲ್ಲಿ ಎಂ.ಎ. ಎಂಬ ಮಾತು ನಿಂತುಹೋಯಿತು. ನಾನೂ ಎತ್ತಲಿಲ್ಲ.

ಒಂದು ಮಧ್ಯಾಹ್ನ ದಾರ ಎಳೆಯುತ್ತ ಕೂತಿದ್ದಾಗ ಕಾಕು ಕೇಳಿದರು. "ತಂಗಿ, ನಿನಗ ಮನಸ್ಸ ಅದ ಏನು?"

"ಕಾಲೇಜು ಜೂನದಾಗ ಸುರು ಆಗ್ತದ" ಎಂದೆ.

"ನಾ ಕೇಳಿದ್ದು ಲಗ್ನದ್ದು."

"ನಾ ಹೇಳಿದ್ದೂ ಅದರದ, ಕಾಕು."

ಅವರು ಬಾಯಿಂದ ಒಂದು ಗುಂಡುಸೂಜಿ ತೆಗೆದು ಬಟ್ಟೆಗೆ ಚುಚ್ಚಿದರು.

ಗಂಡಿನವರು ಬರುವ ದಿನ ಕಾಕು ಬೆಳಿಗ್ಗೆಯೇ ಬಂದು ಮೇಜಿನ ಹೊದಿಕೆ ತಾವೇ ಹಾಸಿದರು. ತಿಳಿನೀಲಿ ಬಟ್ಟೆ, ಅದಕ್ಕೆ ಎರಡು ಅಂತಸ್ತಿನ ಬಿಳಿ ಝಾಲರಿ. ಅದು ಹಿಂದಿನ ತಿಂಗಳು ಸೂರತ್ತಿಗೆ ಹೋಗಿ ಬಂದದ್ದೆಂದು ನನಗೆ ಗೊತ್ತಿತ್ತು. ಅಲ್ಲಿ ಹೆಣ್ಣು ನೋಡಲು ಬಂದಿದ್ದ ಹಿರಿಯಾಕೆಯೊಬ್ಬರ ಕೈಯಿಂದ ಚಹಾ ಚೆಲ್ಲಿ ಝಾಲರಿಯ ಮೇಲೆ ಕಂದುಬಣ್ಣದ ಕಲೆ ಉಳಿದಿತ್ತು. ಆ ಕಲೆಯಿದ್ದ ಬದಿಯನ್ನೇ ಕಾಕು ಕುರ್ಚಿಗಳ ಕಡೆಗೆ ತಿರುಗಿಸಿದರು.

"ಕಾಕು, ಇಲ್ಲೆ ಕಲೆ ಅದ" ಎಂದೆ.

"ಇರವಲ್ದ್ಯಾಕ, ಇರಲಿ ಬಿಡು. ನೀ ಹೋಗಿ ಸೀರಿ ಉಟಗೋ."

ಬಂದವರು ಮೂವರು: ಹುಡುಗ, ಅವನ ತಾಯಿ, ಸೋದರಮಾವ. ಶಿರಾ, ಉಪ್ಪಿಟ್ಟು ಆಯಿತು. ಕಾಕು ಚಹಾ ತಂದಿಟ್ಟರು. ಹುಡುಗನ ತಾಯಿ ಕಪ್ಪು ತೆಗೆದುಕೊಳ್ಳಲು ಬಗ್ಗಿದವರು ಬಗ್ಗಿಯೇ ಉಳಿದರು. ಝಾಲರಿಯ ಅಂಚನ್ನು ಎರಡು ಬೆರಳಿನಿಂದ ಎತ್ತಿ ನೋಡಿದರು.

"ಇದನ್ನ ಯಾರು ಹೊಲದಾರ?"

"ನಮ್ಮ ಹುಡುಗೀನರಿ" ಎಂದಳು ಅವ್ವ.

"ಹೌದಾ? ಮತ್ತ ಈ ಕಲೆ ನಂದದಲ್ಲರೀ! ಸೂರತ್ತಿನ್ಯಾಗ ನಾನ ಚಹಾ ಚೆಲ್ಲಿದ್ದು. ಆ ಹುಡುಗೀನೂ ತಾನ ಹೊಲದದ್ದು ಅಂದ್ಲು."

ಸೋದರಮಾವ ಉಪ್ಪಿಟ್ಟಿನ ತಟ್ಟೆಯ ಮೇಲೆ ಬಗ್ಗಿ ನಗು ತಡೆಯುತ್ತಿದ್ದರು. ಆಕೆ ನನ್ನ ಕಡೆಗೆ ತಿರುಗಿದರು. "ನೀ ಹೇಳವಾ. ನೀನ ಹೊಲದೀಯೇನು?"

"ಇಲ್ಲರಿ" ಎಂದೆ.

"ನಾ ಹೊಲದೀನಿ" ಎಂದರು ಬಾಗಿಲಲ್ಲಿ ನಿಂತಿದ್ದ ಕಾಕು. "ಸೂರತ್ತಿಗೆ ಹೋಗಿದ್ದೂ ಇದ. ಇವರಿಗೆ ಯಾರಿಗೂ ಗೊತ್ತಿಲ್ಲ. ಕಳಿಸಿದಾಕಿ ನಾನು."

"ನಾಳೆ ನಾವು ಅಹಮದಾಬಾದಕ್ಕ ಹೊಂಟೀವಿ. ಅಲ್ಲೂ ನಿಮ್ಮದ ಇರತದೇನು?"

"ಇಲ್ಲರಿ. ಆ ಹುಡುಗಿ ಸ್ವಂತ ಹೊಲೀತಾಳ. ಕಲಿಸಿದಾಕಿ ಮಾತ್ರ ನಾನು. ಬೇಕಾರ ಎದುರಿಗೆ ಕೂಡಿಸಿ ಹೊಲಸ್ರಿ."

ಅದು ನಿಜವೇ ಆಗಿತ್ತು. ಆ ಸಂಬಂಧ ಕೊನೆಗೆ ಅಹಮದಾಬಾದಿನಲ್ಲೇ ಕೂಡಿಬಂತು. ಸೂರತ್ತಿನ ಹುಡುಗಿಗೆ ಬೇರೆ ಕಡೆ ನಿಶ್ಚಯವಾಗಿಹೋಗಿತ್ತು. ಅದನ್ನು ವಿಚಾರಿಸಿಕೊಂಡ ಮೇಲೆಯೇ ಕಾಕು ಆ ಹೊದಿಕೆ ಹೊರಗೆ ತೆಗೆದದ್ದೆಂದು ನನಗೆ ಆಮೇಲೆ ತಿಳಿಯಿತು.

ಬಂದವರನ್ನು ಕಳಿಸಿ ಬಂದ ಮೇಲೆ ಅವ್ವ ಅಡಿಗೆಮನೆಯಲ್ಲಿ ನಿಂತು ಅತ್ತಳು. "ಕಣ್ಣ ಎಲ್ಲಿಟ್ಟಿದ್ರಿ? ಹಾಸೂ ಮುಂದ ನೋಡಬಾರದಾಗಿತ್ತೇನು?"

"ಕಣ್ಣ ಇದ್ದಲ್ಲೇ ಇದ್ವು, ವೈನಿ" ಎಂದು ಕಾಕು ಹೊದಿಕೆ ಮಡಿಚಿಕೊಂಡು ಹೋದರು.

ನಾಲ್ಕು ದಿನದ ಮೇಲೆ ತಂದೆ, ಈ ವರ್ಷವಂತೂ ಬೇರೆ ಯಾರೂ ಬರಲಾರರು ಎಂದುಕೊಂಡು, ನನ್ನ ಫೀಸು ಕಟ್ಟಿ ಬಂದರು. ಅದನ್ನು ಹೇಳಲು ಕಾಕುವಿನ ಹಿತ್ತಲಿಗೆ ಹೋದೆ. ಹಗ್ಗದ ಮೇಲೆ ಆ ನೀಲಿ ಹೊದಿಕೆ ಒಣಗುತ್ತಿತ್ತು. ಕಲೆ ಇರಲಿಲ್ಲ.

"ಒಂದು ಲಿಂಬಿಹಣ್ಣು, ಒಂದಿಷ್ಟು ಉಪ್ಪು. ಅಷ್ಟ ಸಾಕಾತು" ಎಂದರು. "ಮದಲ ಹಚ್ಚಿದ್ರ ಮದಲ ಹೋಗತಿತ್ತು."

ಅದಕ್ಕಿಂತ ಹೆಚ್ಚಿಗೆ ಈ ವಿಷಯ ನಾವು ಎಂದೂ ಮಾತಾಡಲಿಲ್ಲ.

ಕಾಕುವಿಗೆ ಇದರಿಂದ ಆದದ್ದನ್ನು ನಾನು ಕಣ್ಣಾರೆ ಕಂಡೆ. ಸುದ್ದಿ ಸೂರತ್ತಿನಿಂದ ಅಹಮದಾಬಾದಿನ ವರೆಗೆ ಹಬ್ಬಿತು. ಹೆಣ್ಣುಮಕ್ಕಳಿದ್ದ ಮನೆಯವರಿಗೆಲ್ಲ ಮುಖ ತೋರಿಸಲಾಗದ ಪರಿಸ್ಥಿತಿ. ಎಲ್ಲರೂ ಸಿಟ್ಟನ್ನು ಕಾಕುವಿನ ಮೇಲೆ ಹಾಕಿದರು. ಝಾಲರಿ ಕೇಳುವವರು ನಿಂತರು. ಅದು ದೊಡ್ಡ ನಷ್ಟವಲ್ಲ, ಗುಜರಾತಿ ಮನೆಗಳ ಕೆಲಸ ಕೈತುಂಬ ಇತ್ತು. ದೊಡ್ಡದೆಂದರೆ ಸಂಜೆಗಳು. ಪಡಸಾಲೆಯ ಕೂಟ ನಮ್ಮ ಮನೆಗೆ ಬಂತು. ಅರಿಶಿನ ಕುಂಕುಮಕ್ಕೆ ಅವರನ್ನು ಕರೆಯುವುದನ್ನು ಬಿಟ್ಟರು. ಮಕ್ಕಳಿಲ್ಲದ ಮನೆ, ಕಾಕಾ ಹೆಚ್ಚಿನ ಹೊತ್ತು ಗಾಡಿಯ ಮೇಲೆ. ಬೆಳಗಿನಿಂದ ಸಂಜೆಯ ತನಕ ತಮ್ಮ ಮಾತಿನಲ್ಲಿ ಒಂದು ಮಾತಾಡಲು ಅವರಿಗೆ ಯಾರೂ ಉಳಿಯಲಿಲ್ಲ. ಗೋಡೆಯ ಈಚೆ ನಗು ಕೇಳಿದಾಗ ಆಚೆ ಮಶಿನ್ನಿನ ಸದ್ದು ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಸುರುವಾಗುತ್ತಿತ್ತು.

ನಾನು ಪುಸ್ತಕ ಹಿಡಿದುಕೊಂಡು ಅಲ್ಲಿ ಹೋಗಿ ಕೂಡುತ್ತಿದ್ದೆ. ಅವ್ವ ತಡೆಯಲಿಲ್ಲ, ಕೇಳಲೂ ಇಲ್ಲ. "ಇಷ್ಟು ಮಂದಿ ಒಳಗ ನಿನ್ನಂಥಾ ಮೂಕೀನ ನನಗ ಉಳದ್ಯಲ್ಲ" ಎಂದು ಕಾಕು ಒಮ್ಮೆ ನಕ್ಕರು. ಆಮೇಲೆ ನಾನು ಮಾತಾಡಲು ಪ್ರಯತ್ನಿಸಿದೆ. ಕ್ಲಾಸಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಅವರಿಗೆ ಹೇಳುತ್ತಿದ್ದೆ. ಅರ್ಥಶಾಸ್ತ್ರದ ಮಾತುಗಳಿಗೆ ಕನ್ನಡ ಸಿಗದೆ ತಡವರಿಸಿದಾಗ, "ಹಿಂದ ಹೋಗು, ಮತ್ತ ಹೇಳು. ನನಗ ತಿಳೀಲಿಲ್ಲ ಅಂದ್ರ ನಿನಗ ತಿಳದಿಲ್ಲ" ಎನ್ನುತ್ತಿದ್ದರು. ನಾನು ಪಾಠ ಹೇಳಲು ಕಲಿತದ್ದು ಹಾಗೆ.

ಎಂ.ಎ. ಮುಗಿಸಿ ಅಹಮದಾಬಾದಿನ ಒಂದು ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದೆ. ಮೊನ್ನೆಯ ಚಳಿಗಾಲದಲ್ಲಿ ಕಾಕುವಿಗೆ ಕಾಮಾಲೆಯಾಯಿತು. ಆಸ್ಪತ್ರೆಗೆ ಸೇರಿಸಿದ ಸುದ್ದಿ ಕೇಳಿ ರವಿವಾರ ಹೋದಾಗ ಅವರ ಮಂಚದ ಪಕ್ಕದಲ್ಲಿ ಅವ್ವ ಕೂತಿದ್ದಳು. ಇಷ್ಟು ವರ್ಷಗಳ ಮೇಲೆ ತಾನಾಗಿಯೇ ಹೋಗಿದ್ದಳು.

ಅಂದು ಮನೆಗೆ ಬರುವ ದಾರಿಯಲ್ಲಿ ಅವ್ವ ಹೇಳಿದಳು. "ಬೇಕಂತನ ಹಾಸಿದಿರೇನು ಅಂತ ಇವತ್ತ ಕೇಳಿದೆ."

"ಏನಂದ್ರು?"

"'ಹುಡುಗಿ ಬಾಯಿಬಿಟ್ಟು ಕೇಳಲಿಲ್ಲ, ನೀವು ಅಕೀನ್ನ ಕೇಳಲಿಲ್ಲ. ಮತ್ತ ನಾ ಏನ ಮಾಡಲಿ, ವೈನಿ' ಅಂದ್ರು."

ಅದಾದ ಕೆಲವೇ ದಿನಗಳಲ್ಲಿ, ನಾನು ಪಾಠ ಮಾಡುತ್ತಿದ್ದಾಗ ಕಾಲೇಜಿನ ಜವಾನ ಬಾಗಿಲಿಗೆ ಬಂದು ನಿಂತ. ಬಡೋದೆಯಿಂದ ಫೋನು ಬಂದಿದೆ, ಪಕ್ಕದ ಮನೆಯಾಕೆ ತೀರಿಕೊಂಡರಂತೆ ಎಂದ. ಹುಡುಗಿಯರು ಪೆನ್ನು ಹಿಡಿದು ನನ್ನನ್ನೇ ನೋಡುತ್ತಿದ್ದರು. ಪಾಠ ಅರ್ಧಕ್ಕೆ ಬಂದಿತ್ತು. ನಾನು ಎಲ್ಲಿ ನಿಲ್ಲಿಸಿದ್ದೆನೋ ಅಲ್ಲಿಂದ ಸ್ವಲ್ಪ ಹಿಂದಕ್ಕೆ ಹೋಗಿ, ಮತ್ತೆ ಹೇಳಿದೆ. ಗಂಟೆ ಹೊಡೆದ ಮೇಲೆ ಸ್ಟೇಶನ್ನಿಗೆ ಹೋದೆ.

ನಾನು ಮುಟ್ಟುವ ಹೊತ್ತಿಗೆ ಅವರನ್ನು ಒಯ್ಯಲು ಎಲ್ಲ ಸಿದ್ಧವಾಗಿತ್ತು. ಕ್ವಾರ್ಟರ್ಸಿನ ಕನ್ನಡದ ಹೆಂಗಸರೆಲ್ಲ ಆ ಪಡಸಾಲೆಯಲ್ಲಿ ಸೇರಿದ್ದರು. ಅವ್ವನೇ ಮನೆ ಮನೆಗೆ ಹೋಗಿ ಕರೆದು ತಂದಿದ್ದಳಂತೆ. ಮುತ್ತೈದೆಯ ಹಸಿರು ಸೀರೆಯನ್ನೂ ಅವಳೇ ಉಡಿಸಿದ್ದಳು. ಕಾಕಾ ಮೆಟ್ಟಿಲ ಮೇಲೆ ಕೂತಿದ್ದರು.

"ಯಾಕ ತಡಾ ಆತು? ನಿನ್ನ ಸಲುವಾಗಿ ನಿಲ್ಲಿಸೀವಿ" ಎಂದಳು ಅವ್ವ.

"ಪಾಠ ನಡದಿತ್ತು."

ಅಲ್ಲಿದ್ದ ಒಬ್ಬಿಬ್ಬರು ಮುಖ ಮುಖ ನೋಡಿಕೊಂಡರು. ಅವ್ವ ಮಾತ್ರ ನನ್ನ ಕೈಯಿಂದ ಚೀಲ ಇಸಿದುಕೊಂಡಳು.

"ಮುಗಿಸಿ ಬಂದ್ಯಲ್ಲ?"

"ಮುಗಿಸಿ ಬಂದೆ."

"ಚಲೋ ಮಾಡಿದಿ" ಎಂದಳು, ಮತ್ತು ನನಗೆ ಕಾಕುವಿನ ಹತ್ತಿರ ಹೋಗಲು ದಾರಿ ಬಿಟ್ಟಳು.