ರೇಣುಕಾಗೆ ನಾನು ಗೊತ್ತುಮಾಡಿದ ವರ

ರೇಣುಕಾ, ಸೋದರಮಾವನೊಂದಿಗೆ ನಿನ್ನ ಮದುವೆ ಗೊತ್ತಾಗಿದೆ ಎಂಬ ಸುಳ್ಳನ್ನು ಹುಟ್ಟಿಸಿದವಳು ಮಲ್ಲಮ್ಮಕ್ಕನಲ್ಲ. ನಾನು.

ರಾಯಚೂರಿನ ಸೀರೆ ಅಂಗಡಿಯಲ್ಲಿ ಇಬ್ಬರೂ ಕೆಲಸಕ್ಕಿದ್ದೆವು, ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು, ಮಲ್ಲಮ್ಮಕ್ಕನ ಖಾನಾವಳಿಯಲ್ಲಿ ಉಣ್ಣುತ್ತಿದ್ದೆವು. ಎದುರಿನ ಮೊಬೈಲ್ ಅಂಗಡಿಯ ಬಸವರಾಜನೂ ಅಲ್ಲಿಗೇ ಬರುತ್ತಿದ್ದ. ಅವನನ್ನು ಮೊದಲು ನೋಡಿದವಳು ನಾನು — ಮೊದಲು ನೋಡಿದರೆ ಹಕ್ಕು ಬರುತ್ತದೆಯೇ? ಆಗ ಬರುತ್ತದೆಂದೇ ನಂಬಿದ್ದೆ. ಅವನು ಮಂಡಾಳು, ಮಿರ್ಚಿಬಜ್ಜಿ ತಂದರೆ ದೊಡ್ಡ ಮಿರ್ಚಿ ನಿನ್ನ ಕಡೆಗೇ ಸರಿಯುತ್ತಿತ್ತು. ನಿನ್ನ ಒಂದು ನಗೆಮಾತಿಗೆ ಕಣ್ಣಲ್ಲಿ ನೀರು ಬರುವಂತೆ ನಕ್ಕ. ಆ ಮಾತು ನಾನು ನಿನಗೆ ಹೇಳಿಕೊಟ್ಟಿದ್ದು. ನಾನೇ ಹೇಳಿದಾಗ, "ಹೌದ್ರಿ?" ಅಂದಿದ್ದನಷ್ಟೆ.

ನೀನು ನಿನ್ನೂರು ಅರಕೇರಾಕ್ಕೆ ಹೋಗಿದ್ದ ಭಾನುವಾರ ಅವನು ಹೊಸ ಅಂಗಿ ತೊಟ್ಟು ನಿನ್ನನ್ನು ಕೇಳಿಕೊಂಡು ಬಂದ. ಆ ಅಂಗಿ ನೋಡಿ ನನ್ನ ಹೊಟ್ಟೆ ಉರಿಯಿತು.

"ರೇಣುಕಾ ನಿಮಗ ಹೇಳಿಲ್ಲೇನ್ರಿ? ಸೋದರಮಾವನ ಜೋಡಿ ಅಕಿ ಲಗ್ನ ಗಟ್ಟಿ ಆಗ್ಯಾದಂತ. ಮಲ್ಲಮ್ಮಕ್ಕ ಅಂದ್ಲು."

ಅಕ್ಕನ ಬಾಯಿ ಊರಿಗೇ ಗೊತ್ತಿತ್ತು. ಅವಳ ಹೆಸರು ಹೇಳಿದರೆ ಯಾವ ಸುಳ್ಳಾದರೂ ನಡೆಯುತ್ತಿತ್ತು.

ಬಸವರಾಜ ನನ್ನ ಕಡೆ ತಿರುಗುತ್ತಾನೆಂದುಕೊಂಡೆ. ತಿರುಗಿದ — ದಿನವೂ ನನ್ನೆದುರು ಕೂತು ನಿನ್ನ ಬಗ್ಗೆಯೇ ನಿಟ್ಟುಸಿರು ಬಿಡಲು. ಕೊನೆಗೆ, ಎಷ್ಟಾದರೂ ಒಳ್ಳೆಯವನಲ್ಲವೇ, ಅರಕೇರಾಕ್ಕೇ ಹೋಗಿ ನಿನ್ನ ಮಾವನ ಕೈ ಹಿಡಿದು, "ಲಗ್ನ ಚೊಲೊ ಆಗ್ಲಿರಿ" ಅಂದುಬಿಟ್ಟ. ಪಕ್ಕದಲ್ಲೇ ಮಾವನ ಹೆಂಡತಿ, ನಿನ್ನ ಅತ್ತೆ, ರೊಟ್ಟಿ ಬಡಿಯುತ್ತಿದ್ದಳು. ಮಾವ ಎಷ್ಟೋ ದಿನ ನೆರೆಮನೆಯಲ್ಲಿ ಉಂಡನಂತೆ. ಕೇಳಿದಾಗ ದಿಂಬಿಗೆ ಬಾಯಿ ಒತ್ತಿ ನಕ್ಕಿದ್ದೆ.

ಆದರೆ ಯಾವನೋ ಹುಡುಗ ನಿನ್ನ ಹೆಸರು ಹೇಳಿಕೊಂಡು ಊರಿಗೇ ಬಂದನೆಂದು ನಿನ್ನಪ್ಪ ಕೆಲಸ ಬಿಡಿಸಿದ. ಒಂದು ವರ್ಷ ನೀನು ಮನೆಯಲ್ಲೇ ಕೂತೆ. ಆಮೇಲೆ ಬಸವರಾಜನ ಹಿರಿಯರು ಗಬ್ಬೂರಿನಿಂದ ಬಂದು ನಿನ್ನನ್ನು ಕೇಳಿದರು, ನಿನ್ನಪ್ಪ ಒಪ್ಪಿದ. ಲಗ್ನವಾಯಿತು, ಮಾನ್ವಿಯಲ್ಲಿ ಸಂಸಾರ ಹೂಡಿದಿರಿ. ಲಗ್ನಕ್ಕೆ ಮೊದಲು ನೀನು, "ಮಲ್ಲಮ್ಮಕ್ಕನೇ ಅಂದಿದ್ದಾ?" ಎಂದು ಕೇಳಿದಾಗ ನಾನು ಹೌದೆಂದು ತಲೆ ಆಡಿಸಿದೆ. ನಿನಗೆ ಜ್ವರ ಬಂದಾಗ ಗಂಜಿ ಕುಡಿಸಿದ ಅಕ್ಕನನ್ನು ನೀನು ಲಗ್ನಕ್ಕೆ ಕರೆಯಲಿಲ್ಲ. ನಾನು ಮುಂದಿನ ಸಾಲಿನಲ್ಲಿ ಕೂತು ಹೋಳಿಗೆ ಉಂಡೆ.

ಹೋದ ವಾರ ಖಾನಾವಳಿಗೆ ಹೋಗಿ ಅಕ್ಕನ ಮುಂದೆ ಎಲ್ಲ ಹೇಳಿದೆ. ಅವಳು ಪುಂಡಿಪಲ್ಯ ಸೋಸುತ್ತಿದ್ದಳು.

"ಶಾಂತಾ, ನಂಗ ಅವತ್ತೇ ಗೊತ್ತಿತ್ತವಾ. ನಾ ಅಂದಿಲ್ಲಂದ್ರ ಮತ್ತ್ಯಾರು?"

"ಯಾಕ ಹೇಳಲಿಲ್ಲಕ್ಕಾ?"

"ನನ್ನ ಮಾತು ಯಾರು ನಂಬತಾರ?" ಅಂದು ಸೊಪ್ಪಿನ ಕಡೆ ತಿರುಗಿದಳು.

ಭಾನುವಾರ ಮಾನ್ವಿಗೆ ಬರುತ್ತೇನೆ. ಇದನ್ನೆಲ್ಲ ಬಸವರಾಜನ ಎದುರಿಗೇ ಹೇಳುತ್ತೇನೆ. ನಿಮ್ಮಿಬ್ಬರ ಫೋಟೋ ಫೋನಿಗೆ ಬಂದಾಗ ಇವತ್ತಿಗೂ ಒಳಗೆ ಏನೋ ಚುರುಗುಟ್ಟುತ್ತದೆ — ಅದನ್ನೂ ಮುಚ್ಚಿಡುವುದಿಲ್ಲ. ನನ್ನ ಮುಖಕ್ಕೆ ಬಾಗಿಲು ಹಾಕಿಕೊಂಡರೂ ಸರಿ, ರೇಣುಕಾ. ಮಲ್ಲಮ್ಮಕ್ಕನಿಗೆ ಒಮ್ಮೆ ಫೋನ್ ಮಾಡು.