ಪುಟ್ಟಮ್ಮನ ಹೆಸರಿಗೆ ಕೂರಿಸಿದ ವಾಲು ಅಕ್ಷರ

ಪುಟ್ಟಮ್ಮನ ಲಗ್ನಪತ್ರಿಕೆಯಲ್ಲಿ ಅವಳ ಹೆಸರನ್ನು ಸತ್ತವರ ಅಕ್ಷರದಲ್ಲಿ ಜೋಡಿಸಿದವಳು ನಾನು. ರಹೀಂ ಸಾಬರಲ್ಲ. ನಾನು.

ಸ್ವಾತಂತ್ರ್ಯ ಬಂದ ವರ್ಷದ ಮಾತು. ಮಂಡ್ಯದ ಸ್ಟೇಷನ್ ಹತ್ತಿರ ನಮ್ಮಪ್ಪ ಒಂದು ಸಣ್ಣ ಅಚ್ಚುಕೂಟ ಇಟ್ಟಿದ್ದರು. ಅವ್ವ ಇಲ್ಲದ ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಅಲ್ಲೇ ಬೆಳೆದೆ. ಅಚ್ಚಿನ ಮೊಳೆ ಜೋಡಿಸುವುದನ್ನು ಕಲಿಸಿದವರು ಮದ್ದೂರಿನ ರಹೀಂ ಸಾಬರು. ಮೊದಲು ಬಡಗಿ, ಆಮೇಲೆ ನಮ್ಮಲ್ಲಿ ಕೆಲಸಕ್ಕಿದ್ದವರು.

ತಿಥಿ ಪತ್ರಗಳು ನಮ್ಮಲ್ಲಿ ಬಹಳ ಅಚ್ಚಾಗುತ್ತಿದ್ದವು. ಪತ್ರ ಕೈಗೆ ಬಂದವರಲ್ಲಿ ಓದಬಲ್ಲವರು ಕಡಿಮೆ. ಸತ್ತವರ ಹೆಸರು ದೂರದಿಂದಲೇ ಕಣ್ಣಿಗೆ ಹೊಡೆಯಬೇಕೆಂದು ಅಪ್ಪ ಹೇಳಿದ್ದಕ್ಕೆ ಸಾಬರು ಮರದಲ್ಲಿ ಬೇರೆ ಅಕ್ಷರವನ್ನೇ ಕೆತ್ತಿದರು. ದಪ್ಪ ಮೈ, ಬಲಕ್ಕೆ ವಾಲಿದ ನಿಲುವು, ಗೆರೆ ಮುಗಿದಲ್ಲೆಲ್ಲ ಒಂದು ಪುಟ್ಟ ಪಾದ. ಒಂದೊಂದಕ್ಕೂ ಮಸಿ ಮೆತ್ತಿ ಕಾಗದಕ್ಕೊತ್ತಿ, ವಾಲು ಸರಿಯಿದೆಯೇ ನೋಡೆಂದು ನನ್ನ ಕೈಗೇ ಕೊಡುತ್ತಿದ್ದರು. ಯಾಕೆ ವಾಲಿಸುತ್ತೀರಿ, ಪಾದ ಯಾಕೆ ಎಂದು ಕೇಳಿದ್ದೆ.

“ನೆಟ್ಗೆ ನಿಂತೋರು ಇರೋರು ಕಣವ್ವ, ವಾಲ್ದೋರು ಓಗೋರು. ಓಗೋರ್ಗೂ ಕಾಲೂರಕ್ಕೆ ಒಸಿ ಜಾಗ ಬ್ಯಾಡ್ವಾ?”

ಆ ಅಕ್ಷರದಲ್ಲಿ ಬದುಕಿದ್ದವರ ಹೆಸರು ಜೋಡಿಸಬಾರದೆಂಬುದು ನಮ್ಮ ಅಚ್ಚುಕೂಟದ ಕಟ್ಟಳೆಯಾಯಿತು. ಕೆಲವೇ ವರ್ಷಗಳಲ್ಲಿ ಸುತ್ತಿನ ಹಳ್ಳಿಯವರಿಗೆ — ಓದು ಬಾರದವರಿಗೂ — ಆ ವಾಲು ಕಂಡರೆ ಸಾಕು, ಯಾರೋ ಹೋದರು ಎಂದು ಎದೆಗೆ ಕೈ ಹೋಗುತ್ತಿತ್ತು.

ಮಳವಳ್ಳಿಯ ಗಂಡಿನವರು ಮೊದಲು ನೋಡಲು ಬಂದದ್ದು ನನ್ನನ್ನು. ಉಗುರಿನ ಸಂದಿಯ ಮಸಿ ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಗಂಡಿನ ತಾಯಿ ನನ್ನ ಕೈ ತಿರುಗಿಸಿ ನೋಡಿ, “ಇದೇನವ್ವ, ಒಲೆ ಬಳ್ಯೋ ಕೈಯಾ ಇದು?” ಎಂದು ನಕ್ಕಳು. ಉಪ್ಪಿಟ್ಟು ತಿಂದು ಹೋದರು. ಸ್ವಲ್ಪ ದಿನಕ್ಕೆ ಅದೇ ಗಂಡಿಗೆ ಚಿಕ್ಕಪ್ಪನ ಮಗಳು ಪುಟ್ಟಮ್ಮ ಗೊತ್ತಾದಳು. ಪತ್ರಿಕೆ ಅಚ್ಚಿಗೆ ನಮ್ಮಲ್ಲಿಗೇ ಬಂತು. ಪುಟ್ಟಮ್ಮ ನನಗೆ ಯಾವ ಕೆಟ್ಟದ್ದನ್ನೂ ಮಾಡಿದವಳಲ್ಲ. ಅದು ಗೊತ್ತಿದ್ದೂ —

ಅದೊಂದು ಶುಕ್ರವಾರ. ಅಪ್ಪ ಕಾಗದ ತರಲು ಮೈಸೂರಿಗೆ ಹೋಗಿದ್ದರು. ಸಾಬರು ಪತ್ರಿಕೆಯನ್ನೆಲ್ಲ ನೆಟ್ಟಗಿನ ಸೀಸದ ಅಕ್ಷರದಲ್ಲಿ ಜೋಡಿಸಿ, ಚೌಕಟ್ಟು ಬಿಗಿದು, ನಮಾಜಿಗೆ ಹೋದರು. ನಾನು ಚೌಕಟ್ಟು ಸಡಿಲಿಸಿದೆ. ಪುಟ್ಟಮ್ಮನ ಹೆಸರು ಕಿತ್ತು ಮರದ ಅಕ್ಷರ ಕೂರಿಸಿದೆ. ಗಂಡಿನ ಕಡೆಯವರಿಗೆ ಬೇಕಾದಷ್ಟನ್ನು ನಾನೇ ಯಂತ್ರ ತುಳಿದು ಅಚ್ಚು ಹಾಕಿ, ಕಟ್ಟು ಕಟ್ಟಿ, ಮಳವಳ್ಳಿ ಬಸ್ಸಿಗೆ ಕೊಟ್ಟುಬಂದೆ. ಸಾಬರು ಬರುವಷ್ಟರಲ್ಲಿ ಹೆಸರು ಮತ್ತೆ ನೆಟ್ಟಗೆ ನಿಂತಿತ್ತು. ಉಳಿದದ್ದನ್ನು ಅವರು ಅಚ್ಚು ಮಾಡಿದರು. ಕೈ ನಡುಗಿತ್ತು ಎಂದು ಬರೆದರೆ ಸುಳ್ಳು. ನಡುಗಲಿಲ್ಲ.

ಕಟ್ಟು ಬಿಚ್ಚಿದ್ದು ಗಂಡಿನ ಅಜ್ಜಿಯಂತೆ. ಪತ್ರಿಕೆಗಳ ಮೂಲೆಗೆ ಅರಿಸಿನ ಹಚ್ಚಲು ಕೂತವಳು, ಓದು ಬಾರದವಳು, ಹೆಸರಿನ ವಾಲು ನೋಡಿದ್ದೇ ಎದ್ದು ಹೋಗಿ ತಲೆ ಮೇಲೆ ನೀರು ಸುರಿದುಕೊಂಡಳಂತೆ. ಹುಡುಗಿ ಬದುಕಿದ್ದಾಳೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಸಾವಿನ ಪತ್ರ ಮನೆಗೆ ಬಂದಾಯಿತು, ಆ ಹೆಣ್ಣು ಈ ಹೊಸ್ತಿಲು ತುಳಿಯಕೂಡದು ಎಂದಳು. ಮದುವೆ ಮುರಿಯಿತು.

ಚಿಕ್ಕಪ್ಪ ಪತ್ರಿಕೆ ಹಿಡಿದು ಅಚ್ಚುಕೂಟಕ್ಕೆ ಬಂದ. ಅಪ್ಪ ಸಾಬರನ್ನೂ ನನ್ನನ್ನೂ ಎದುರು ನಿಲ್ಲಿಸಿ, ಯಾರು ಎಂದು ಕೇಳಿದರು.

“ಸಾಬ್ರೇ ಕಣಪ್ಪ. ನಾನು ಮುಟ್ನಿಲ್ಲ.”

ಇಷ್ಟೇ ನಾನು ಹೇಳಿದ್ದು. ಸಾಬರು ಪತ್ರಿಕೆ ಇಸಿದುಕೊಂಡು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರಿಗೆ ಗೊತ್ತಾಗಿಹೋಯಿತು. ಒಂದು ಮಾತು ಆಡಿದ್ದರೆ ಅಪ್ಪ ನಂಬುತ್ತಿದ್ದರೋ ಏನೋ —

“ಅಕ್ಸರ ನಂದೇ, ಸ್ವಾಮಿ,” ಎಂದರು. ನನ್ನ ಹೆಸರು ಯಾಕೆ ಎತ್ತಲಿಲ್ಲ ಎಂಬುದು ಇವತ್ತಿಗೂ ನನಗೆ ಪೂರಾ ತಿಳಿಯದು. ಮದುವೆಗಿರುವ ಹುಡುಗಿ ಎಂದುಕೊಂಡಿರಬಹುದು. ಅದನ್ನು ಕರುಣೆ ಎಂದು ಕರೆಯುವ ಬಾಯಿ ನನಗಿಲ್ಲ.

ಆ ವರ್ಷ, ಸಾಬಿ ಬೇಕೆಂದೇ ಮಾಡಿದ ಎಂಬ ಮಾತು ಹಬ್ಬಲು ಹೊತ್ತು ಬೇಕಿರಲಿಲ್ಲ. ಅಪ್ಪ ಅವರನ್ನು ಕೆಲಸದಿಂದ ಬಿಡಿಸಿ ಕಳಿಸಿದರು. ಪೇಟೆಯಲ್ಲಿ ಬೇರೆ ಯಾರೂ ಅವರಿಗೆ ಕೆಲಸ ಕೊಡಲಿಲ್ಲ. ಮರದ ಅಕ್ಷರಗಳನ್ನು ಹಂಡೆಯ ಒಲೆಗೆ ಹಾಕೆಂದು ಅಪ್ಪ ನನಗೇ ಹೇಳಿದರು. ಹಾಕಿದೆ. ಎಣ್ಣೆಮಸಿ ಕುಡಿದ ಮರ, ಚೆನ್ನಾಗಿ ಉರಿಯಿತು. ಆ ಬಿಸಿನೀರಿನಲ್ಲೇ ಸ್ನಾನ ಮಾಡಿದೆ.

ಆಮೇಲೆ ಒಮ್ಮೆ ರೈಲು ಮದ್ದೂರಿನಲ್ಲಿ ನಿಂತಾಗ ಸಾಬರನ್ನು ಕಂಡೆ. ಸೌದೆಯ ಹೊರೆ ಹೊತ್ತಿದ್ದರು — ಅಂಥ ಕೈಯವರು. ನನ್ನನ್ನು ಗುರುತು ಹಿಡಿದು ನಿಂತರು. ನಾನು ಸೆರಗು ಎಳೆದುಕೊಂಡು ಆಚೆ ಕಿಟಕಿಯ ಕಡೆ ತಿರುಗಿದೆ. ಈಗ ಅವರಿಲ್ಲ. ತೀರಿಕೊಂಡ ಸುದ್ದಿ ಬಂದಾಗಲೂ ನಾನು ಹೋಗಲಿಲ್ಲ.

ಪುಟ್ಟಮ್ಮನನ್ನು ದುದ್ದದ ಒಬ್ಬ ವಯಸ್ಸಾದವನಿಗೆ ಎರಡನೆಯವಳಾಗಿ ಕೊಟ್ಟರು. ಹೊಡೆಸಿಕೊಂಡೇ ಬಾಳಿದಳು. ನನಗೇನೂ ಆಗಲಿಲ್ಲ, ಒಳ್ಳೆಯ ಗಂಡ ಸಿಕ್ಕಿದ, ಮಕ್ಕಳು ಮೊಮ್ಮಕ್ಕಳಾದರು. ಈಗಲೂ ಪುಟ್ಟಮ್ಮ ನಮ್ಮ ಮನೆಗೆ ಬಂದರೆ ಎಲೆಗೆ ಸುಣ್ಣ ಸವರುತ್ತಾ, “ಆ ಸಾಬಿ ಕೈ ಸೇದೋಗೇ ಸತ್ತಿರ್ತಾನೆ ಕಣಕ್ಕ,” ಎನ್ನುತ್ತಾಳೆ. ನಾನು ಹೂಂ ಎನ್ನುತ್ತೇನೆ. ಇಷ್ಟು ಕಾಲವೂ ಹೂಂ ಎಂದಿದ್ದೇನೆ.

ಸೋಮವಾರ ದುದ್ದಕ್ಕೆ ಹೋಗುತ್ತೇನೆ. ಬರೆದ ಈ ಕಾಗದವನ್ನು ಯಾರ ಕೈಯಲ್ಲಾದರೂ ಕಳಿಸಿ ಸುಮ್ಮನಿರೋಣವೆಂದರೆ ಪುಟ್ಟಮ್ಮನಿಗೆ ಓದಲು ಬಾರದು. ಅವಳೆದುರು ಕೂತು ನಾನೇ ಓದಬೇಕು — ಮೊದಲ ಸಾಲಿನಿಂದ.